ರೇಟಿಂಗ್ ಏರಿಸಿಕೊಡುತ್ತೇವೆ ಎಂದು ಬರುವವರ ಕೈಗೆ ಹೋಟೆಲ್‌ನ ಪ್ರೊಫೈಲ್ ಕೊಡಬೇಡಿ

ಹೋಟೆಲ್ ನಡೆಸುವವರು, ಹೊಸದಾಗಿ ತೆರೆಯಲು ಹೊರಟವರು ಇದನ್ನು ಪೂರ್ತಿ ಓದಿ. ‘ಮೂರು ತಿಂಗಳಲ್ಲಿ 4.8 ಸ್ಟಾರ್, ಗ್ಯಾರಂಟಿ’ ಎಂದು ಹೇಳಿಕೊಂಡು ಬಂದ ಏಜೆನ್ಸಿಯನ್ನು ನಂಬಿದ ಹೋಟೆಲ್ ಒಂದಕ್ಕೆ ಆದದ್ದು ಇಲ್ಲಿದೆ. ಹೆಸರು ಬರೆಯುವುದಿಲ್ಲ. ಇದೇ ವರಸೆ ಬೇರೆ ಬೇರೆ ಹೆಸರಿನಲ್ಲಿ ನಡೆಯುತ್ತಲೇ ಇರುತ್ತದೆ, ಹಾಗಾಗಿ ಹೆಸರಿಗಿಂತ ವರಸೆಯನ್ನು ಗುರುತು ಹಿಡಿಯುವುದು ಮುಖ್ಯ.

ಏಜೆನ್ಸಿಯವರು ಮೊದಲು ಕೇಳಿದ್ದು ದುಡ್ಡಲ್ಲ, ಪಾಸ್‌ವರ್ಡ್. ‘ಎಲ್ಲಾ ಸೆಟಪ್ ನಾವೇ ಮಾಡಿಕೊಡುತ್ತೇವೆ, ನಿಮಗೆ ತಲೆನೋವು ಬೇಡ’ ಎಂದು ಗೂಗಲ್ ಬಿಸಿನೆಸ್ ಪ್ರೊಫೈಲ್‌ನ, ಅಂದರೆ ಗೂಗಲ್ ಹುಡುಕಾಟದಲ್ಲೂ ಮ್ಯಾಪ್ಸ್‌ನಲ್ಲೂ ಹೋಟೆಲ್‌ನ ವಿಳಾಸ, ಸಮಯ, ರಿವ್ಯೂ ತೋರಿಸುವ ಲಿಸ್ಟಿಂಗ್‌ನ ಲಾಗಿನ್ ತೆಗೆದುಕೊಂಡರು. ತಮ್ಮ ಇಮೇಲನ್ನು ಓನರ್ ಆಗಿ ಸೇರಿಸಿದರು. ಹೊಸದಾಗಿ ಸೇರಿದವರಿಗೆ ಗೂಗಲ್ ಇಡುವ ಏಳು ದಿನಗಳ ತಡೆ ಮುಗಿಯುತ್ತಿದ್ದಂತೆ ಪ್ರೈಮರಿ ಓನರ್ ಸ್ಥಾನವನ್ನೂ ತಮ್ಮ ಇಮೇಲ್‌ಗೆ ವರ್ಗಾಯಿಸಿಕೊಂಡು ಮಾಲೀಕರನ್ನು ಬರೀ ಮ್ಯಾನೇಜರ್ ಮಾಡಿದರು. ಮ್ಯಾನೇಜರ್ ಆದವರು ಸಮಯ ತಿದ್ದಬಹುದು, ರಿವ್ಯೂಗೆ ಉತ್ತರ ಬರೆಯಬಹುದು, ಆದರೆ ಬೇರೊಬ್ಬರನ್ನು ಸೇರಿಸಲು, ತೆಗೆಯಲು ಆಗುವುದಿಲ್ಲ. ದಿನನಿತ್ಯದ ಕೆಲಸ ಎಲ್ಲವೂ ನಡೆಯುತ್ತಿದ್ದುದರಿಂದ ಈ ಬದಲಾವಣೆ ಮಾಲೀಕರ ಗಮನಕ್ಕೇ ಬರಲಿಲ್ಲ.

ಆಮೇಲೆ ಲಿಸ್ಟಿಂಗ್‌ನಲ್ಲಿದ್ದ ಫೋನ್ ನಂಬರ್ ತೆಗೆದು ‘ಕಾಲ್ ಟ್ರ್ಯಾಕಿಂಗ್’ ನಂಬರ್ ಹಾಕಿದರು. ಕರೆ ಮೊದಲು ಏಜೆನ್ಸಿಯ ನಂಬರಿಗೆ ಹೋಗಿ, ಅಲ್ಲಿಂದ ಹೋಟೆಲ್‌ಗೆ ತಿರುಗುತ್ತಿತ್ತು. ಟೇಬಲ್ ಮೇಲೆ ಹೊಸ ಕ್ಯೂಆರ್ ಕೋಡ್ ಬಂತು. ನಡುವೆ 5 ಸ್ಟಾರ್ ರಿವ್ಯೂಗಳು ಗೊಂಚಲು ಗೊಂಚಲಾಗಿ ಬೀಳತೊಡಗಿದವು. ಕೆಲವು ವಾರಗಳಲ್ಲೇ ಗೂಗಲ್ ಅವನ್ನೆಲ್ಲ ಕಿತ್ತುಹಾಕಿತು. ಜೊತೆಗೆ ಕೆಲವು ಅಸಲಿ ರಿವ್ಯೂಗಳೂ ಹೋದವು, ಹೊಸ ರಿವ್ಯೂ ಬರುವುದೂ ನಿಂತಿತು. ಅನುಮಾನಾಸ್ಪದ ರಿವ್ಯೂಗಳನ್ನು ತೆಗೆಯಲಾಗಿದೆ ಎಂಬ ಸೂಚನೆ ಪ್ರೊಫೈಲ್ ನೋಡಿದವರಿಗೆಲ್ಲ ಕಾಣತೊಡಗಿತು. ಮಾಲೀಕರು ಜಗಳವಾಡಿ ಪಾವತಿ ನಿಲ್ಲಿಸಿದರು. ಆಗ ಟ್ರ್ಯಾಕಿಂಗ್ ನಂಬರ್ ಸತ್ತಿತು, ಕ್ಯೂಆರ್ ಖಾಲಿ ಪುಟಕ್ಕೆ ಹೋಯಿತು, ಪ್ರೊಫೈಲ್ ತಿದ್ದಲು ಹೋದರೆ ಪ್ರೈಮರಿ ಓನರ್ ಬೇರೆಯವರು ಎಂದು ಗೊತ್ತಾಯಿತು.

ಈ ಬಲೆಗೆ ಬುದ್ಧಿವಂತರೂ ಬೀಳುವುದಕ್ಕೆ ಕಾರಣ ಇದೆ. ಸ್ಟಾರ್‌ಗಳಿಗೆ ನಿಜವಾಗಿಯೂ ಬೆಲೆ ಇದೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನ ಮೈಕೆಲ್ ಲೂಕಾ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಮೆರಿಕದ ರಿವ್ಯೂ ಸೈಟ್ ಯೆಲ್ಪ್‌ನಲ್ಲಿ ಒಂದು ಸ್ಟಾರ್ ಹೆಚ್ಚಾದರೆ ಆದಾಯ ಶೇ. 5ರಿಂದ 9ರಷ್ಟು ಏರುತ್ತದೆ. ಅದೂ ಸ್ವತಂತ್ರ ಹೋಟೆಲ್‌ಗಳಿಗೆ ಮಾತ್ರ, ಸರಣಿ ಹೋಟೆಲ್‌ಗಳ ಮೇಲೆ ಆ ಪರಿಣಾಮ ಕಾಣಲಿಲ್ಲ. ಹೆಸರಿನ ಬಲ ಇಲ್ಲದ ಸಣ್ಣ ಹೋಟೆಲ್‌ಗೇ ಸ್ಟಾರ್ ಹೆಚ್ಚು ಬೇಕು, ಏಜೆನ್ಸಿಗಳು ಬಾಗಿಲು ತಟ್ಟುವುದೂ ಅಲ್ಲೇ.

ಆದರೆ ‘4.8 ಗ್ಯಾರಂಟಿ’ ಎಂದವರನ್ನು ಕೂರಿಸಿ ಒಂದು ಲೆಕ್ಕ ಕೇಳಿ. ನಿಮಗೆ 150 ರಿವ್ಯೂ ಇವೆ, ಸರಾಸರಿ 4.0 ಎಂದಿಟ್ಟುಕೊಳ್ಳಿ. ಒಟ್ಟು ಸ್ಟಾರ್ 600. ಸರಾಸರಿ 4.5 ಆಗಬೇಕಾದರೆ ಇನ್ನೂ 150 ರಿವ್ಯೂ ಬೇಕು, ಒಂದೂ ಬಿಡದೆ ಎಲ್ಲವೂ 5 ಸ್ಟಾರ್ ಇರಬೇಕು. 4.8 ಮುಟ್ಟಲು 600 ಬೇಕು. ಇಷ್ಟು ವರ್ಷಗಳಲ್ಲಿ 150 ಜನ ಬರೆದಿರುವ ಹೋಟೆಲ್‌ಗೆ ಮೂರು ತಿಂಗಳಲ್ಲಿ 600 ಜನ ಬರೆಯುತ್ತಾರೆ, ಅವರಲ್ಲಿ ಒಬ್ಬರೂ 4 ಕೊಡುವುದಿಲ್ಲ ಎಂದರೆ ಆ ರಿವ್ಯೂಗಳು ಎಲ್ಲಿಂದ ಬರುತ್ತವೆ ಎಂದು ಬೇರೆ ಹೇಳಬೇಕಿಲ್ಲ. ಪ್ರಾಮಾಣಿಕ ಕೆಲಸಕ್ಕೆ ಯಾರೂ ರೇಟಿಂಗ್‌ನ ಗ್ಯಾರಂಟಿ ಕೊಡಲಾರರು. ಗ್ಯಾರಂಟಿ ಎಂಬ ಮಾತು ಬಂದ ಕೂಡಲೇ ಮಾತುಕತೆ ನಿಲ್ಲಿಸಿ.

ಕೊಂಡ ರಿವ್ಯೂಗಳು ಸಿಕ್ಕಿಬೀಳುವುದೂ ಸುಲಭ. ತಿಂಗಳಿಗೆ ನಾಲ್ಕೈದು ಬರುತ್ತಿದ್ದ ಕಡೆ ಎರಡೇ ದಿನದಲ್ಲಿ ಮೂವತ್ತು ಬಂದಿರುತ್ತವೆ. ಬರೆದವರ ಹೆಸರು ಒತ್ತಿ ನೋಡಿದರೆ ಒಂದೇ ದಿನ ಒಂದೂರಿನ ದಂತವೈದ್ಯರಿಗೂ ಮತ್ತೊಂದೂರಿನ ಗ್ಯಾರೇಜ್‌ಗೂ ಇನ್ನೊಂದು ದೇಶದ ಬೀಗದ ಅಂಗಡಿಗೂ 5 ಸ್ಟಾರ್ ಕೊಟ್ಟಿರುತ್ತಾರೆ. ‘ಅದ್ಭುತ ರುಚಿ, ಉತ್ತಮ ಸೇವೆ, ಮತ್ತೆ ಬರುತ್ತೇವೆ’ ಎಂದಿರುತ್ತದೆ, ತಿಂದ ಒಂದು ತಿನಿಸಿನ ಹೆಸರಿರುವುದಿಲ್ಲ, ಫೋಟೋ ಇರುವುದಿಲ್ಲ. ಇಷ್ಟನ್ನು ಗಿರಾಕಿಗಳೇ ಪತ್ತೆ ಹಚ್ಚುತ್ತಾರೆ, ಗೂಗಲ್‌ನ ವ್ಯವಸ್ಥೆಗೆ ಇನ್ನೂ ಸುಲಭ. ಯೆಲ್ಪ್ ಇಂಥ ಕಡೆ ಪುಟ ತೆರೆದೊಡನೆ ಕಣ್ಣಿಗೆ ರಾಚುವ ಗ್ರಾಹಕ ಎಚ್ಚರಿಕೆಯನ್ನೇ ಹಾಕುತ್ತದೆ. ಹೋಟೆಲ್‌ನ ನೌಕರರು, ಮನೆಯವರು ಬರೆಯುವುದೂ ನಿಯಮಕ್ಕೆ ವಿರುದ್ಧ ಎಂಬುದು ನೆನಪಿರಲಿ.

ಇದು ಬರೀ ವೆಬ್‌ಸೈಟಿನ ನಿಯಮದ ಮಾತೂ ಅಲ್ಲ. ನಕಲಿ ರಿವ್ಯೂ ಕೊಳ್ಳುವುದನ್ನೂ ಮಾರುವುದನ್ನೂ ನಿಷೇಧಿಸುವ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ನಿಯಮ 2024ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು, ಬ್ರಿಟನ್ನಿನಲ್ಲಿ ಇಂಥದೇ ನಿಷೇಧ 2025ರ ಏಪ್ರಿಲ್‌ನಿಂದ ಇದೆ. ಭಾರತದಲ್ಲಿ ಆನ್‌ಲೈನ್ ರಿವ್ಯೂಗಳಿಗೆಂದೇ ಐಎಸ್ 19000:2022 ಎಂಬ ಮಾನದಂಡ ಬಂದಿದೆ. ಹೋಟೆಲ್‌ಗಳಿಗೆ ನಕಲಿ ರಿವ್ಯೂ ಮಾರುತ್ತಿದ್ದ ಒಬ್ಬನಿಗೆ ಇಟಲಿಯ ಲೆಚ್ಚೆ ನಗರದ ನ್ಯಾಯಾಲಯ 2018ರಲ್ಲಿ 9 ತಿಂಗಳ ಜೈಲು ವಿಧಿಸಿತು.

ಈಗ ಹಿಡಿತದ ವಿಷಯ. ಇದನ್ನು ಇವತ್ತೇ ನೋಡಿ. ನಿಮ್ಮ ಪ್ರೊಫೈಲ್ ತೆರೆದು, ಮೂರು ಚುಕ್ಕಿ ಒತ್ತಿ, ಬಿಸಿನೆಸ್ ಪ್ರೊಫೈಲ್ ಸೆಟ್ಟಿಂಗ್ಸ್‌ಗೆ ಹೋಗಿ, ‘ಪೀಪಲ್ ಆ್ಯಂಡ್ ಆ್ಯಕ್ಸೆಸ್’ ಒತ್ತಿ. ಅಲ್ಲಿ ಪ್ರೈಮರಿ ಓನರ್ ಎಂದು ಯಾರ ಇಮೇಲ್ ಇದೆ? ಅದು ಮಾಲೀಕರದ್ದೇ ಆಗಿರಬೇಕು. ಕೆಲಸ ಬಿಟ್ಟು ಹೋದ ಮ್ಯಾನೇಜರ್‌ನದ್ದೋ, ಲಿಸ್ಟಿಂಗ್ ಮಾಡಿಕೊಟ್ಟ ಪರಿಚಯದ ಹುಡುಗನದ್ದೋ ಇದ್ದರೂ ಅಪಾಯವೇ. ಏಜೆನ್ಸಿಗೆ ಪಾಸ್‌ವರ್ಡ್ ಕೊಡುವ ಅಗತ್ಯವೇ ಇಲ್ಲ. ಅದೇ ಪುಟದಲ್ಲಿ ಅವರ ಇಮೇಲನ್ನು ಮ್ಯಾನೇಜರ್ ಎಂದು ಸೇರಿಸಿದರೆ ಅವರ ಎಲ್ಲ ಕೆಲಸವೂ ನಡೆಯುತ್ತದೆ, ಬೇಡವಾದ ದಿನ ತೆಗೆದುಹಾಕಬಹುದು. ‘ಓನರ್ ಆ್ಯಕ್ಸೆಸ್ ಇಲ್ಲದಿದ್ದರೆ ಕೆಲಸ ಆಗಲ್ಲ’ ಎಂದು ಪಟ್ಟು ಹಿಡಿಯುವವರನ್ನು ಬಾಗಿಲಿನಿಂದಲೇ ಕಳಿಸಿ.

ಕೈತಪ್ಪಿ ಹೋಗಿದ್ದರೆ ಹೊಸ ಲಿಸ್ಟಿಂಗ್ ಮಾಡಲು ಹೋಗಬೇಡಿ. ಒಂದೇ ವಿಳಾಸಕ್ಕೆ ಎರಡು ಲಿಸ್ಟಿಂಗ್ ಕಂಡರೆ ಹೊಸದು ನಕಲು ಎಂದಾಗುತ್ತದೆ, ಹಳೆಯ ರಿವ್ಯೂಗಳೂ ತಾವಾಗಿ ಅಲ್ಲಿಗೆ ಬರುವುದಿಲ್ಲ. ಮಾಡಬೇಕಾದದ್ದು ಇಷ್ಟು: ನಿಮ್ಮ ಸ್ವಂತ ಇಮೇಲ್‌ನಿಂದ ಲಾಗಿನ್ ಆಗಿ ಅದೇ ಲಿಸ್ಟಿಂಗ್‌ಗೆ ಮಾಲೀಕತ್ವ ಕೋರಿ ವಿನಂತಿ ಕಳಿಸಿ. ಈಗಿನ ಓನರ್‌ಗೆ ಉತ್ತರಿಸಲು ಮೂರು ದಿನ ಇರುತ್ತದೆ. ಅವರು ಸುಮ್ಮನಿದ್ದರೆ ನೀವೇ ವೆರಿಫೈ ಮಾಡಿಕೊಳ್ಳುವ ದಾರಿ ತೆರೆಯಬಹುದು, ನಿರಾಕರಿಸಿದರೆ ಮೇಲ್ಮನವಿ ಹಾಕಿ. ಲೈಸೆನ್ಸ್, ತೆರಿಗೆ ನೋಂದಣಿ, ಅದೇ ವಿಳಾಸದ ವಿದ್ಯುತ್ ಬಿಲ್, ಹೊರಗಿನ ಬೋರ್ಡ್ ಕಾಣುವ ಫೋಟೋ ಇವೆಲ್ಲ ಸಿದ್ಧವಿರಲಿ. ಪ್ರೊಫೈಲ್ ಸಸ್ಪೆಂಡ್ ಆಗಿದ್ದರೆ ಇನ್ನೂ ಜಾಗ್ರತೆ ಬೇಕು: ಮೇಲ್ಮನವಿಯ ಜೊತೆ ದಾಖಲೆ ಸೇರಿಸುವ ಫಾರ್ಮ್‌ಗೆ 60 ನಿಮಿಷದ ಗಡುವಿದೆ. ಫಾರ್ಮ್ ತೆರೆದ ಮೇಲೆ ಬಿಲ್ ಹುಡುಕಲು ಹೋದವರು ಅವಕಾಶ ಕಳೆದುಕೊಳ್ಳುತ್ತಾರೆ. ಹೆಸರು, ವಿಳಾಸ ಎಲ್ಲ ದಾಖಲೆಗಳಲ್ಲೂ ಲಿಸ್ಟಿಂಗ್‌ನಲ್ಲಿ ಇದ್ದಂತೆಯೇ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಕ್ಯೂಆರ್ ಕೋಡ್ ಬಗ್ಗೆ ಯಾರೂ ಯೋಚಿಸುವುದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳಬೇಕು. ಕೋಡ್‌ಗಳಲ್ಲಿ ಎರಡು ಬಗೆ. ಒಂದರಲ್ಲಿ ನಿಮ್ಮ ಮೆನುವಿನ ವಿಳಾಸ ನೇರವಾಗಿ ಅಚ್ಚಾಗಿರುತ್ತದೆ. ಆ ವಿಳಾಸ ಇರುವವರೆಗೂ ಕೋಡ್ ಕೆಲಸ ಮಾಡುತ್ತದೆ, ಯಾರೂ ಅದನ್ನು ತಿರುಗಿಸಲಾರರು. ಇನ್ನೊಂದರಲ್ಲಿ ಇರುವುದು ನಡುವಿನ ಒಂದು ಕಂಪನಿಯ ಚುಟುಕು ವಿಳಾಸ. ಸ್ಕ್ಯಾನ್ ಮಾಡಿದಾಗ ಅದು ಗಿರಾಕಿಯನ್ನು ನಿಮ್ಮ ಪುಟಕ್ಕೆ ದಾಟಿಸುತ್ತದೆ. ಎಷ್ಟು ಜನ ಸ್ಕ್ಯಾನ್ ಮಾಡಿದರು ಎಂಬ ಲೆಕ್ಕ ಸಿಗುತ್ತದೆ ಎಂದು ಏಜೆನ್ಸಿಗಳು ಈ ಎರಡನೆಯದನ್ನೇ ಕೊಡುತ್ತವೆ. ಅದರ ಚಂದಾ ನಿಂತ ದಿನ ಅಚ್ಚು ಹಾಕಿಸಿದ ಎಲ್ಲ ಕೋಡ್‌ಗಳೂ ಸಾಯುತ್ತವೆ, ಇಲ್ಲವೇ ಖಾತೆ ಇರುವವರು ಬೇರೆ ಎಲ್ಲಿಗಾದರೂ ತಿರುಗಿಸಬಹುದು. ಪರೀಕ್ಷೆ ಸುಲಭ: ಫೋನ್ ಕ್ಯಾಮೆರಾ ಹಿಡಿದು, ಒತ್ತುವ ಮೊದಲು ತೆರೆಯ ಮೇಲೆ ಕಾಣುವ ವಿಳಾಸ ಓದಿ. ಮೆನುವಿನ ಕೋಡ್‌ನಲ್ಲಿ ನಿಮ್ಮ ಸೈಟಿನ ಹೆಸರು ಇಲ್ಲದಿದ್ದರೆ ಅದು ಹೆಚ್ಚಾಗಿ ಎರಡನೆಯ ಬಗೆ. ರಿವ್ಯೂ ಕೇಳಲು ಬೇಕಾದ ಲಿಂಕ್ ಮತ್ತು ಕ್ಯೂಆರ್ ಅನ್ನು ಗೂಗಲ್ ಪ್ರೊಫೈಲ್‌ನಲ್ಲೇ ಪುಕ್ಕಟೆ ಕೊಡುತ್ತದೆ, ಅದನ್ನೇ ಅಚ್ಚು ಹಾಕಿಸಿ. ವೆಬ್‌ಸೈಟಿನ ಡೊಮೇನ್ ಕೂಡ ಹೋಟೆಲ್‌ನ ಹೆಸರಲ್ಲಿ, ನಿಮ್ಮ ಇಮೇಲ್‌ಗೆ ನೋಂದಣಿ ಆಗಿರಲಿ.

ಯಾವ ಏಜೆನ್ಸಿಯೂ ಇಲ್ಲದೆ ಹಾನಿಯಾಗುವ ದಾರಿಯೂ ಒಂದಿದೆ. ಮ್ಯಾಪ್ಸ್‌ನಲ್ಲಿ ಯಾರು ಬೇಕಾದರೂ ‘ತಿದ್ದುಪಡಿ ಸೂಚಿಸಿ’ ಒತ್ತಿ ನಿಮ್ಮ ಸಮಯ ಬದಲಿಸಲು, ‘ಶಾಶ್ವತವಾಗಿ ಮುಚ್ಚಿದೆ’ ಎಂದು ಹಾಕಿಸಲು ಸೂಚಿಸಬಹುದು. ಅಮೆರಿಕದ ವರ್ಜೀನಿಯಾದಲ್ಲಿದ್ದ ‘ದ ಸರ್ಬಿಯನ್ ಕ್ರೌನ್’ ಹೋಟೆಲ್‌ನ ಮಾಲೀಕರು 2014ರಲ್ಲಿ ಗೂಗಲ್ ಮೇಲೆ ಮೊಕದ್ದಮೆ ಹೂಡಿದ್ದು ಇದೇ ಕಾರಣಕ್ಕೆ. ವಾರಾಂತ್ಯದಲ್ಲಿ ತಮ್ಮ ಹೋಟೆಲ್ ಮುಚ್ಚಿರುತ್ತದೆ ಎಂದು ಲಿಸ್ಟಿಂಗ್ ತಪ್ಪಾಗಿ ತೋರಿಸುತ್ತಿತ್ತು, ಅದರಿಂದಲೇ ವ್ಯಾಪಾರ ಕುಸಿದು ಬಾಗಿಲು ಹಾಕಬೇಕಾಯಿತು ಎಂಬುದು ಅವರ ದೂರು. ವಾರಕ್ಕೊಮ್ಮೆ, ನಿಮ್ಮ ಖಾತೆಯಿಂದ ಹೊರಬಂದು ಬೇರೆ ಫೋನಿನಲ್ಲಿ ನಿಮ್ಮ ಹೋಟೆಲ್ ಹುಡುಕಿ. ಸಮಯ, ಫೋನ್ ನಂಬರ್, ಮೆನು ಲಿಂಕ್, ಆರ್ಡರ್ ಮಾಡುವ ಬಟನ್ ಒಂದೊಂದನ್ನೂ ಒತ್ತಿ ನೋಡಿ. ಆರ್ಡರ್ ಬಟನ್ ನೀವು ಒಪ್ಪಂದವನ್ನೇ ಮಾಡಿಕೊಳ್ಳದ ಸೈಟಿಗೆ ಹೋಗುತ್ತಿರಬಹುದು. ಪ್ರೊಫೈಲ್‌ನಲ್ಲೇ ಅದನ್ನು ತೆಗೆಸಬಹುದು, ನಿಮಗೆ ಬೇಕಾದ ಲಿಂಕನ್ನು ಮುಂದೆ ಇಡಬಹುದು.

ಇನ್ನೊಂದು, ಬೆದರಿಕೆ. ಒಂದೇ ರಾತ್ರಿಯಲ್ಲಿ ಹತ್ತಾರು 1 ಸ್ಟಾರ್ ಬೀಳುತ್ತವೆ, ಹೆಚ್ಚಿನವಕ್ಕೆ ಬರಹವೇ ಇರುವುದಿಲ್ಲ. ಬೆಳಿಗ್ಗೆ ಮೆಸೇಜ್ ಬರುತ್ತದೆ: ದುಡ್ಡು ಕಳಿಸಿದರೆ ತೆಗೆಯುತ್ತೇವೆ. 2022ರ ಜುಲೈನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ, ಷಿಕಾಗೊ, ನ್ಯೂಯಾರ್ಕ್‌ನ ಹೆಸರಾಂತ ಹೋಟೆಲ್‌ಗಳಿಗೆ ಹೀಗೇ ಆಯಿತು, ಕೇಳಿದ್ದು 75 ಡಾಲರಿನ ಗೂಗಲ್ ಪ್ಲೇ ಗಿಫ್ಟ್ ಕಾರ್ಡ್. ಮೊತ್ತ ಚಿಕ್ಕದಿರುವುದೇ ತಂತ್ರ, ಗಲಾಟೆಗಿಂತ ಕೊಟ್ಟು ಬಿಡೋಣ ಅನ್ನಿಸಬೇಕು. ಕೊಡಬೇಡಿ. ಕೊಟ್ಟವರ ನಂಬರ್ ಅವರ ಪಟ್ಟಿಯಲ್ಲಿ ಉಳಿಯುತ್ತದೆ. ಉತ್ತರಿಸಬೇಡಿ, ಅವರು ಕಳಿಸಿದ ಲಿಂಕ್ ಒತ್ತಬೇಡಿ. ಮೆಸೇಜ್, ಕಳಿಸಿದ ನಂಬರ್, ದಿನಾಂಕ, ಪ್ರತಿ ರಿವ್ಯೂ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಒಂದೊಂದು ರಿವ್ಯೂವನ್ನೂ ರಿಪೋರ್ಟ್ ಮಾಡಿ. ಒಪ್ಪದಿದ್ದರೆ ಗೂಗಲ್‌ನ ರಿವ್ಯೂ ನಿರ್ವಹಣೆ ಪುಟದಿಂದ ಒಮ್ಮೆ ಮೇಲ್ಮನವಿ ಹಾಕಬಹುದು, ಒಂದು ಸಲಕ್ಕೆ 10 ರಿವ್ಯೂ ಸೇರಿಸಬಹುದು. ಸ್ಕ್ರೀನ್‌ಶಾಟ್ ಇಟ್ಟುಕೊಂಡು ಸೈಬರ್ ಪೊಲೀಸರಿಗೂ ದೂರು ಕೊಡಿ. ರೇಟಿಂಗ್ ಸರಿದೂಗಿಸಲು ನೆಂಟರಿಷ್ಟರಿಂದ 5 ಸ್ಟಾರ್ ಹಾಕಿಸಿದರೆ ಮಾತ್ರ ಗೂಗಲ್ ಕಣ್ಣಿಗೆ ನೀವೂ ಅದೇ ಸಾಲಿಗೆ ಸೇರುತ್ತೀರಿ.

ನಿಜವಾದ ಗಿರಾಕಿಯ ಕಟು ರಿವ್ಯೂ ಬೇರೆ, ಅದನ್ನು ತೆಗೆಸಲು ಹೋಗಬೇಡಿ. ಇಷ್ಟವಾಗದ ಅಭಿಪ್ರಾಯ ಎಂಬ ಕಾರಣಕ್ಕೆ ಯಾವ ಸೈಟೂ ತೆಗೆಯುವುದಿಲ್ಲ. ನಾಲ್ಕು ಸಾಲಿನ ಉತ್ತರ ಸಾಕು: ‘ನಿಮ್ಮನ್ನು ತುಂಬಾ ಹೊತ್ತು ಕಾಯಿಸಿದ್ದು ನಿಜ, ಕ್ಷಮಿಸಿ. ಆ ರಾತ್ರಿ ಅಡುಗೆಮನೆಯಲ್ಲಿ ಇಬ್ಬರು ರಜೆಯಲ್ಲಿದ್ದರು, ಹಾಗಿದ್ದೂ ಎಲ್ಲ ಟೇಬಲ್‌ಗಳಿಗೂ ಆರ್ಡರ್ ತೆಗೆದುಕೊಂಡದ್ದು ನಮ್ಮ ತಪ್ಪು. ಈಗ ಅಂಥ ದಿನ ಟೇಬಲ್ ಕಡಿಮೆ ಮಾಡುತ್ತಿದ್ದೇವೆ.’ ಬಿಲ್‌ನ ಫೋಟೋ, ಅವರ ಫೋನ್ ನಂಬರ್, ಯಾರ ಜೊತೆ ಬಂದಿದ್ದರು ಎಂಬುದನ್ನೆಲ್ಲ ಉತ್ತರದಲ್ಲಿ ಹಾಕುವ ಮಾಲೀಕರಿದ್ದಾರೆ. ಇದರಷ್ಟು ಕೆಟ್ಟ ಕೆಲಸ ಇನ್ನೊಂದಿಲ್ಲ, ಕಾನೂನಿನ ತೊಂದರೆಯೂ ಬರಬಹುದು.

ರಿವ್ಯೂ ಕೇಳುವುದರಲ್ಲೂ ಸೈಟಿನಿಂದ ಸೈಟಿಗೆ ನಿಯಮ ಬೇರೆ. ಗೂಗಲ್, ಟ್ರಿಪ್‌ಅಡ್ವೈಸರ್‌ನಲ್ಲಿ ಕೇಳಬಹುದು, ಆದರೆ ರಿಯಾಯಿತಿ, ಪುಕ್ಕಟೆ ತಿನಿಸಿನ ಆಮಿಷ ಒಡ್ಡುವಂತಿಲ್ಲ. ಯೆಲ್ಪ್ ಕೇಳುವುದನ್ನೇ ಒಪ್ಪುವುದಿಲ್ಲ. ‘ಖುಷಿಯಾಗಿದ್ದರೆ ಗೂಗಲ್ ಲಿಂಕ್, ಇಲ್ಲದಿದ್ದರೆ ನಮಗೆ ಮಾತ್ರ ಕಾಣುವ ಫಾರ್ಮ್’ ಎಂದು ಗಿರಾಕಿಗಳನ್ನು ಸೋಸುವ ಸಾಫ್ಟ್‌ವೇರನ್ನು ಏಜೆನ್ಸಿಗಳು ಹೆಮ್ಮೆಯಿಂದ ತೋರಿಸುತ್ತವೆ. ಅದೂ ಗೂಗಲ್ ನಿಯಮದ ಉಲ್ಲಂಘನೆಯೇ. ಪುಕ್ಕಟೆ ಊಟ ಮಾಡಿ ರೀಲ್ ಹಾಕುವವರು ಅದು ಪ್ರಚಾರ ಎಂದು ರೀಲ್‌ನಲ್ಲೇ ತಿಳಿಸಬೇಕು, ತಿಳಿಸಲು ಒಪ್ಪದವರನ್ನು ಕರೆಯಬೇಡಿ.

ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ಗೂ ಗೂಗಲ್‌ನ ಪಾಠವೇ ಅನ್ವಯ. ಖಾತೆಗೆ ಕೊಟ್ಟ ಇಮೇಲ್, ಫೋನ್ ನಿಮ್ಮದೇ ಇರಲಿ. ಇವೆರಡನ್ನೂ ನಡೆಸುವ ಮೆಟಾ ಕಂಪನಿಯ ಬಿಸಿನೆಸ್ ಪೋರ್ಟ್‌ಫೋಲಿಯೊ (ಪೇಜ್, ಜಾಹೀರಾತು ಖಾತೆಗಳನ್ನು ಒಂದೇ ಕಡೆ ನೋಡಿಕೊಳ್ಳುವ ಖಾತೆ) ಹೋಟೆಲ್‌ನ ಹೆಸರಲ್ಲಿ ಮಾಡಿ ಏಜೆನ್ಸಿಯನ್ನು ಪಾರ್ಟ್ನರ್ ಆಗಿ ಸೇರಿಸಿ. ಜಾಹೀರಾತು ಖಾತೆಯೂ ನಿಮ್ಮದೇ ಇರಲಿ, ಅವರ ಖಾತೆಯಲ್ಲಿ ಓಡಿಸಿದರೆ ಯಾವ ಜಾಹೀರಾತಿಗೆ ಯಾರು ಬಂದರು ಎಂಬ ಮಾಹಿತಿ ಅವರು ಬಿಟ್ಟ ದಿನ ಅವರೊಂದಿಗೇ ಹೋಗುತ್ತದೆ. ‘ನಿಮ್ಮ ಪೇಜ್ ಕಾಪಿರೈಟ್ ಉಲ್ಲಂಘಿಸಿದೆ, 24 ಗಂಟೆಯೊಳಗೆ ಇಲ್ಲಿ ಒತ್ತದಿದ್ದರೆ ಮುಚ್ಚುತ್ತೇವೆ’ ಎಂದು ಮೆಟಾದ ಲೋಗೊ ಹಾಕಿಕೊಂಡು ಬರುವ ಮೆಸೇಜ್ ಕಳ್ಳರದ್ದು. ಎರಡು ಹಂತದ ಲಾಗಿನ್ ಹಾಕಿಕೊಳ್ಳಿ, ಆಗ ಸಿಗುವ ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದು ಲೈಸೆನ್ಸ್ ಇಡುವ ಫೈಲಿನಲ್ಲೇ ಇಡಿ. ಫೋನಿಗೆ ಬರುವ ಆರಂಕಿಯ ಕೋಡನ್ನು ಏಜೆನ್ಸಿಯವರು ಕೇಳಿದರೂ ಹೇಳಬೇಡಿ, ಮ್ಯಾನೇಜರ್ ಅಥವಾ ಪಾರ್ಟ್ನರ್ ಆಗಿ ಸೇರಿದವರಿಗೆ ನಿಮ್ಮ ಕೋಡ್ ಬೇಕಾಗುವುದೇ ಇಲ್ಲ.