ಪೆಪ್ಟೈಡಾ, ರೆಟಿನಾಲಾ? ಎರಡೂ ಹಚ್ಚಿ ನೋಡಿದ ಮೇಲೆ

ಕಣ್ಣಂಚಿನ ಗೆರೆ ನಿಜವಾಗಿ ಕಡಿಮೆ ಆಗಬೇಕು ಅಂದರೆ ರೆಟಿನಾಲ್ (ವಿಟಮಿನ್ ಎ-ಯ ಒಂದು ರೂಪ). ಮುಖ ಉರಿಯಬಾರದು, ಸಿಪ್ಪೆ ಏಳಬಾರದು ಅಂದರೆ ಪೆಪ್ಟೈಡ್. ಮೂರು ಬಗೆಯ ಪೆಪ್ಟೈಡ್ ಸೀರಮ್, ಆಮೇಲೆ ರೆಟಿನಾಲ್, ಒಂದು ಮುಗಿದ ಮೇಲೆ ಇನ್ನೊಂದು ಹಚ್ಚಿ ನೋಡಿ ಈ ಮಾತು ಹೇಳುತ್ತಿದ್ದೇನೆ. ಒಟ್ಟಿಗೆ ಹಚ್ಚಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗಲ್ಲ ಅಲ್ವಾ?

ಮೊದಲು ಮ್ಯಾಟ್ರಿಕ್ಸಿಲ್ ಅನ್ನೋ ಪೆಪ್ಟೈಡ್. ಪೆಪ್ಟೈಡ್ ಅಂದರೆ ಅಮೈನೋ ಆಮ್ಲಗಳ ಪುಟ್ಟ ಸರ. ಚರ್ಮಕ್ಕೆ ಗಟ್ಟಿತನ ಕೊಡುವ ಪ್ರೋಟೀನ್ ಕೊಲಾಜೆನ್ ಒಡೆದಾಗ ಇಂಥ ತುಣುಕುಗಳು ಉಳಿಯುತ್ತವೆ. ಅದೇ ಥರದ ತುಣುಕನ್ನು ಹೊರಗಿನಿಂದ ಕೊಟ್ಟರೆ ಚರ್ಮ ಹೊಸ ಕೊಲಾಜೆನ್ ಮಾಡೀತು ಅನ್ನೋದು ಇದರ ಲೆಕ್ಕಾಚಾರ. ಬರೀ ಪೆಪ್ಟೈಡ್ ಚರ್ಮದೊಳಗೆ ಸುಲಭವಾಗಿ ಇಳಿಯಲ್ಲ, ಅದಕ್ಕೇ ಕೊಬ್ಬಿನ ಬಾಲ ಅಂಟಿಸಿರುತ್ತಾರೆ. ಲೇಬಲ್ಲಿನಲ್ಲಿ ‘ಪಾಮಿಟಾಯ್ಲ್’ ಅಂತ ಇರೋದು ಅದೇ. ನನ್ನ ಕೆನ್ನೆ ಮೆತ್ತಗಾಯಿತು, ಬಿಗಿತ ಹೋಯಿತು. ಗೆರೆ ಮಾತ್ರ ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು.

ಎರಡನೇ ಪೆಪ್ಟೈಡ್ ಆರ್ಜಿರೆಲಿನ್. ಇದನ್ನು ‘ಬಾಟಲಿ ಬೊಟಾಕ್ಸ್’ ಅಂತ ಮಾರುತ್ತಾರೆ. ಸ್ನಾಯು ಸಡಿಲಿಸಿ ಸುಕ್ಕು ಇಳಿಸುವ ಬೊಟಾಕ್ಸನ್ನು ಸೂಜಿಯಲ್ಲಿ ಸ್ನಾಯುವಿಗೇ ಕೊಡುತ್ತಾರೆ. ಇದು ಮೇಲಿಂದ ಹಚ್ಚಿ ಅಲ್ಲಿವರೆಗೆ ಇಳಿಯಬೇಕು. ನನ್ನ ಹಣೆಯಲ್ಲಿ ಏನೂ ಬದಲಾಗಲಿಲ್ಲ. ಸುಮ್ನೆ ದುಡ್ಡು ದಂಡ.

ತಾಮ್ರದ ಪೆಪ್ಟೈಡ್ ನೋಡೋಕೆ ಚೆಂದ, ಕಡು ನೀಲಿ. ವಿಜ್ಞಾನಿ ಲೋರೆನ್ ಪಿಕಾರ್ಟ್ 1973ರಲ್ಲಿ ಮನುಷ್ಯರ ರಕ್ತದ ಪ್ಲಾಸ್ಮಾದಲ್ಲಿ ಪತ್ತೆ ಮಾಡಿದ ಪೆಪ್ಟೈಡಿಗೆ ತಾಮ್ರ ಸೇರಿದಾಗ ಈ ಬಣ್ಣ. ಮುಖದ ಕೆಂಪು ಇಳಿಸಿತು, ಅಷ್ಟೇ. ವಿಟಮಿನ್ ಸಿ ಸೀರಮ್ ಜೊತೆ ಒಂದೇ ಹೊತ್ತಿಗೆ ಹಚ್ಚಬೇಡಿ, ಎರಡಕ್ಕೂ ಆಗಿಬರಲ್ಲ.

ರೆಟಿನಾಲ್ ಜಗಳಗಂಟಿ. ವಾರಕ್ಕೆ ಎರಡೇ ರಾತ್ರಿ, ಬಟಾಣಿ ಕಾಳಿನಷ್ಟೇ ಹಚ್ಚಿದರೂ ಮೂಗಿನ ಪಕ್ಕ, ಬಾಯಿಯ ಅಂಚಲ್ಲಿ ಸಿಪ್ಪೆ ಎದ್ದಿತು. ಕುದಿಯುವ ಸಾರಿನ ಹಬೆ ತಾಗಿದರೂ ಚುರ್ ಅನ್ನುತ್ತಿತ್ತು. ಕೆಲವು ವಾರ ಕಳೆದ ಮೇಲೆ ಚರ್ಮ ಒಗ್ಗಿಕೊಂಡಿತು. ತಿಂಗಳುಗಳು ಹೋದಂತೆ ಕಣ್ಣಂಚಿನ ಸಣ್ಣ ಗೆರೆ ತಿಳಿಯಾಯಿತು, ಬಿಸಿಲಿನ ಕಲೆಯೂ ಮಸುಕಾಯಿತು. ಇದರ ಹಿಂದೆ ಪುರಾವೆಯೂ ಜಾಸ್ತಿ. ರೆಟಿನಾಲ್ ಚರ್ಮದೊಳಗೆ ರೆಟಿನೋಯಿಕ್ ಆಮ್ಲವಾಗಿ ಬದಲಾಗುತ್ತದೆ. ಆ ಆಮ್ಲವೇ ಇರುವ ಟ್ರೆಟಿನಾಯಿನ್ ಕ್ರೀಮಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸಣ್ಣ ಸುಕ್ಕುಗಳಿಗೆಂದು 1995ರಲ್ಲೇ ಒಪ್ಪಿಗೆ ಕೊಟ್ಟಿತ್ತು.

ಈಗ ರೆಟಿನಾಲ್ ಇಲ್ಲದ ರಾತ್ರಿಗಳಲ್ಲಿ ಮ್ಯಾಟ್ರಿಕ್ಸಿಲ್ ಹಚ್ಚುತ್ತೇನೆ, ಬೆಳಗ್ಗೆ ತಪ್ಪದೆ ಸನ್‌ಸ್ಕ್ರೀನ್. ಬಸುರಿಯರು, ಮಗು ಬೇಕು ಅಂತ ಇರುವವರು ಮಾತ್ರ ರೆಟಿನಾಲ್ ಮುಟ್ಟಬೇಡಿ. ಅಂಥವರಿಗೆ ಪೆಪ್ಟೈಡೇ ಸರಿ, ಅದನ್ನೂ ಡಾಕ್ಟರನ್ನು ಒಂದು ಮಾತು ಕೇಳಿಯೇ ಹಚ್ಚಿ.