ಜಿಸಿಎನ್ ಅಲರ್ಟ್ ಸೇವೆ: ವೇಗಕ್ಕೆ ಪೂರ್ತಿ ಅಂಕ, ಸೆಟ್ಟಿಂಗ್‌ನಲ್ಲಿ ಎಚ್ಚರ

ದೂರದ ಬಾಹ್ಯಾಕಾಶದಲ್ಲಿ ಕ್ಷಣಕಾಲ ಹೊಳೆಯುವ ಗಾಮಾ ಕಿರಣ ಸ್ಫೋಟದ ಬೆನ್ನಟ್ಟುವ ದೂರದರ್ಶಕಕ್ಕೆ, ಸ್ಫೋಟ ಕಂಡ ಕೂಡಲೇ ಅದರ ಸ್ಥಾನ ತಿಳಿಸುವ ನಾಸಾದ ಜಿಸಿಎನ್‌ಗಿಂತ ಒಳ್ಳೆಯ ಉಚಿತ ಸೇವೆ ಇಲ್ಲ. ಖಾತೆ ತೆರೆದು, ಕ್ಲೈಂಟ್ ಐಡಿ, ಸೀಕ್ರೆಟ್ ಪಡೆದು, ಪೈಥಾನ್‌ನ ಹತ್ತು ಹನ್ನೆರಡು ಸಾಲಿನಲ್ಲಿ ಕಾಫ್ಕಾ ಸ್ಟ್ರೀಮ್‌ಗೆ (ಸಂದೇಶಗಳನ್ನು ನೇರವಾಗಿ ಹರಿಸುವ ವ್ಯವಸ್ಥೆ) ಸೇರಿಕೊಳ್ಳಬಹುದು.

ಎಡವುವುದು ಒಂದು ಕಡೆ. ಎಲ್ಲಿಯವರೆಗೆ ಓದಿದ್ದೀರೆಂದು ಸರ್ವರ್ ನೆನಪಿಡಲು ಬಳಸುವ ಗ್ರೂಪ್ ಐಡಿ ಕೊಡದಿದ್ದರೆ ಪ್ರತಿ ಸಲವೂ ಹೊಸ ಐಡಿ ಹುಟ್ಟುತ್ತದೆ. ನೆಟ್ ಹೋಗಿ ಪ್ರೋಗ್ರಾಂ ಮತ್ತೆ ಶುರುವಾದರೆ ನಡುವೆ ಬಂದ ಸಂದೇಶಗಳು ಕೈತಪ್ಪುತ್ತವೆ. ಐಡಿಯನ್ನು ಸ್ಥಿರವಾಗಿಡಿ. ಆದರೆ ಆಗ ತಡವಾಗಿ ಹಳೇ ಸಂದೇಶ ಬಂದಾಗ ಟ್ರಿಗರ್ ಸಮಯ (ಉಪಗ್ರಹ ಸ್ಫೋಟ ಗುರುತಿಸಿದ ಹೊತ್ತು) ನೋಡದೆ ದೂರದರ್ಶಕ ತಿರುಗಿಸಬೇಡಿ. ಅಲರ್ಟ್ ಬರುವ ಒಂದು ಕಡತ ರೂಪವಾದ ವಿಒಇವೆಂಟ್‌ನ ರೋಲ್‌ ಎಂಬ ಕಾಲಂನಲ್ಲಿ 'ಟೆಸ್ಟ್' ಎಂದಿದ್ದರೆ ಅದನ್ನೂ ಬಿಟ್ಟುಬಿಡಿ.

ಯಾವ ಅಲರ್ಟ್ ನಂಬಬೇಕು? ಸ್ವಿಫ್ಟ್ ಉಪಗ್ರಹದ ಗಾಮಾ ಕಿರಣ ಉಪಕರಣ ಬಿಎಟಿ ಕೊಡುವ ಸ್ಥಾನ ಕೆಲವೇ ಆರ್ಕ್‌ಮಿನಿಟ್‌ನಷ್ಟು (ಡಿಗ್ರಿಯ ಅರವತ್ತನೇ ಒಂದು ಭಾಗ) ನಿಖರ, ಸಣ್ಣ ಕ್ಯಾಮೆರಾದ ಒಂದೇ ಫ್ರೇಮಿಗೆ ಸಾಕು. ಅದರದ್ದೇ ಎಕ್ಸ್-ಕಿರಣ ದೂರದರ್ಶಕ ಎಕ್ಸ್‌ಆರ್‌ಟಿಯ ಸ್ಥಾನ ಬಂದರೆ ಇನ್ನೂ ಸೂಕ್ಷ್ಮವಾದ ಆರ್ಕ್‌ಸೆಕೆಂಡ್‌ಗಳ ಲೆಕ್ಕ. ಫರ್ಮಿ ಉಪಗ್ರಹದ ಸ್ಫೋಟ ಪತ್ತೆ ಉಪಕರಣ ಜಿಬಿಎಂನದು ಹಲವು ಡಿಗ್ರಿಗಳ ಹರವು. ಕಿರಿದಾದ ಕ್ಷೇತ್ರದ ದೂರದರ್ಶಕಕ್ಕೆ ಅದು ಬರೀ ಗದ್ದಲ. ಸೌರ ಜ್ವಾಲೆಯೂ ಅದನ್ನು ಟ್ರಿಗರ್ ಮಾಡುತ್ತದೆ, ಹಾಗಾಗಿ ವರ್ಗೀಕರಣದ ಕಾಲಂ ಓದಲೇಬೇಕು.

ಉಳಿದದ್ದು ದೂರದರ್ಶಕವನ್ನು ತಿರುಗಿಸುವ ನಿಮ್ಮ ಮೌಂಟ್‌ನ ಹಣೆಬರಹ. ಸ್ಫೋಟದ ನಂತರದ ಬೆಳಕು ಕಾಲಕ್ಕೆ ವಿಲೋಮವಾಗಿ ಕುಗ್ಗುತ್ತದೆಂದುಕೊಂಡರೂ ಹತ್ತನೇ ನಿಮಿಷಕ್ಕೂ ನೂರನೇ ನಿಮಿಷಕ್ಕೂ 2.5 ಮ್ಯಾಗ್ನಿಟ್ಯೂಡ್ ಅಂತರ, ಅಂದರೆ ಹೊಳಪು ಹತ್ತನೇ ಒಂದಕ್ಕೆ ಇಳಿದಿರುತ್ತದೆ. ಮೊದಲು 10 ಸೆಕೆಂಡಿನ ಚಿಕ್ಕ ಎಕ್ಸ್‌ಪೋಷರ್‌ಗಳು, ಆಮೇಲೆ ಉದ್ದನೆಯವು. ಸ್ಥಾನಗಳು ಜೆ2000ದಲ್ಲಿ (2000ನೇ ಇಸವಿಯ ನಿರ್ದೇಶಾಂಕ) ಇರುತ್ತವೆ, ಮೌಂಟ್ ಇಂದಿನ ಎಪೋಕ್ (ಇಂದಿನ ದಿನದ ನಿರ್ದೇಶಾಂಕ) ಕೇಳುವುದಾದರೆ ಪರಿವರ್ತಿಸದೆ ಕಳಿಸಿದಾಗ ಗುರಿ ಫ್ರೇಮಿನಾಚೆ ಹೋಗುತ್ತದೆ.