ಹಳೆಯ ರೈಡಿಂಗ್ ಮೋವರ್ ಸ್ಟಾರ್ಟ್ ಆಗದಿದ್ದಾಗ: ಸಾಧಾರಣ ಮಲ್ಟಿಮೀಟರಿನ ಬಳಕೆ ಮತ್ತು ಮಿತಿ

ಅಮೆರಿಕದಲ್ಲಿ ದೊಡ್ಡ ಅಂಗಳವಿರುವ ಮನೆ ಕೊಂಡ ಕನ್ನಡಿಗರಲ್ಲಿ ಕೆಲವರ ಪಾಲಿಗೆ, ಕುಳಿತು ಓಡಿಸುತ್ತ ಹುಲ್ಲು ಕತ್ತರಿಸುವ ಹಳೆಯ ರೈಡಿಂಗ್ ಮೋವರ್ ಕೂಡ ಬರುತ್ತದೆ. ಚಳಿಗಾಲವಿಡೀ ಗ್ಯಾರೇಜಿನಲ್ಲಿ ನಿಂತ ಈ ಯಂತ್ರ ವಸಂತದಲ್ಲಿ ಕೀ ತಿರುಗಿಸಿದಾಗ ಬರೀ ‘ಟಕ್’ ಎಂದು ಸುಮ್ಮನಾದರೆ, ಮೊದಲು ಬ್ಯಾಟರಿ, ಆಮೇಲೆ ಸೊಲೆನಾಯ್ಡ್ (ಕೀ ತಿರುಗಿಸಿದಾಗ ಬ್ಯಾಟರಿಯ ಕರೆಂಟನ್ನು ಸ್ಟಾರ್ಟರಿಗೆ ಜೋಡಿಸುವ ವಿದ್ಯುತ್ ಸ್ವಿಚ್), ಕೊನೆಗೆ ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರ್ ಎಂದು ಒಂದೊಂದೇ ಭಾಗವನ್ನು ಅಂದಾಜಿನ ಮೇಲೆ ಬದಲಿಸುವವರು ಬಹಳ. ಆ ಖರ್ಚಿಗೆ ಮುನ್ನ ಕೊಳ್ಳಬೇಕಾದದ್ದು 30 ಡಾಲರ್ ಆಸುಪಾಸಿನ, ಮಿನ್-ಮ್ಯಾಕ್ಸ್ ಗುಂಡಿಯಿರುವ ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಎಂಬುದು, ಅಂಥದ್ದೊಂದನ್ನು ಇದೇ ಕೆಲಸಕ್ಕೆ ಬಳಸುತ್ತಿರುವ ನನ್ನ ಖಚಿತ ಅಭಿಪ್ರಾಯ.

ಮಿನ್-ಮ್ಯಾಕ್ಸ್ ಗುಂಡಿ ಇರಲೇಬೇಕು ಎನ್ನುವುದಕ್ಕೆ ಕಾರಣವಿದೆ. ಪೂರ್ತಿ ಚಾರ್ಜ್ ಆಗಿ ಸ್ವಲ್ಪ ಹೊತ್ತು ಸುಮ್ಮನಿದ್ದ 12 ವೋಲ್ಟ್ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, 12.0ಕ್ಕೆ ಇಳಿದಿದ್ದರೆ ಅದರಲ್ಲಿ ಉಳಿದಿರುವುದು ಅಲ್ಪ. ಆದರೆ ಹೊರೆ ಇಲ್ಲದಾಗ 12.6 ತೋರಿಸುವ ಬ್ಯಾಟರಿಯೂ ಒಳಗೆ ಸತ್ತಿರಬಹುದು. ಎಂಜಿನ್ ತಿರುಗಿಸುವಾಗ ವೋಲ್ಟೇಜ್ ಎಷ್ಟಕ್ಕೆ ಕುಸಿಯುತ್ತದೆ ಎಂಬುದೇ ಅದರ ನಿಜವಾದ ಪರೀಕ್ಷೆ, ಸುಮಾರು 9.6 ವೋಲ್ಟಿಗಿಂತ ಕೆಳಗಿಳಿದರೆ ಬ್ಯಾಟರಿಯನ್ನು ಶಂಕಿಸಬೇಕು. ಅಗ್ಗದ ಮೀಟರಿನ ಪರದೆ ಒಂದು ಸೆಕೆಂಡಿನಲ್ಲಿ ಎರಡು-ಮೂರು ಬಾರಿಯಷ್ಟೇ ಅಂಕಿ ಬದಲಿಸುವುದರಿಂದ ಆ ಕ್ಷಣದ ಕುಸಿತ ಕಣ್ಣಿಗೆ ಸಿಗುವುದಿಲ್ಲ. ಮಿನ್-ಮ್ಯಾಕ್ಸ್ ಇದ್ದರೆ ಮೀಟರ್ ಕಂಡ ಕನಿಷ್ಠ ಅಂಕಿ ಪರದೆಯ ಮೇಲೆ ಉಳಿಯುತ್ತದೆ, ಕೀ ತಿರುಗಿಸುವವರೇ ಆಮೇಲೆ ಇಳಿದು ಬಂದು ಓದಿಕೊಳ್ಳಬಹುದು.

ಮೀಟರ್ ತನ್ನ ಬೆಲೆಯನ್ನು ನಿಜಕ್ಕೂ ದುಡಿದುಕೊಡುವುದು ಸೊಲೆನಾಯ್ಡ್ ಬಳಿ. ಯಾವ ಪರೀಕ್ಷೆಗೂ ಮುನ್ನ ಗೇರನ್ನು ನ್ಯೂಟ್ರಲ್‌ಗೆ ತಂದು, ಪಾರ್ಕಿಂಗ್ ಬ್ರೇಕ್ ಹಾಕಿ, ಬ್ಲೇಡ್ ಸ್ವಿಚ್ ಆಫ್ ಮಾಡಿರಬೇಕು. ಸೊಲೆನಾಯ್ಡಿನ ಎರಡು ದಪ್ಪ ಬೋಲ್ಟುಗಳಿಗೆ ಮೀಟರಿನ ಎರಡು ತುದಿಗಳನ್ನು ಹಿಡಿದರೆ, ಕೀ ತಿರುಗಿಸುವ ಮುನ್ನ ಬ್ಯಾಟರಿಯ ವೋಲ್ಟೇಜೇ ಕಾಣುತ್ತದೆ. ಕೀ ತಿರುಗಿಸಿದಾಗ ಅದು ಸೊನ್ನೆಯ ಸಮೀಪಕ್ಕೆ ಬಿದ್ದರೆ ಒಳಗಿನ ಕಾಂಟ್ಯಾಕ್ಟ್ ಸರಿಯಾಗಿ ಕೂಡುತ್ತಿದೆ ಎಂದರ್ಥ. ‘ಟಕ್’ ಸದ್ದು ಕೇಳಿಯೂ 12ರ ಆಸುಪಾಸಿನಲ್ಲೇ ನಿಂತರೆ ಕಾಂಟ್ಯಾಕ್ಟ್ ಸುಟ್ಟಿದೆ, ಸೊಲೆನಾಯ್ಡ್ ಬದಲಿಸಲೇಬೇಕು. ಸದ್ದೇ ಇಲ್ಲದಿದ್ದರೆ, ಕೀ ತಿರುಗಿಸಿದಾಗ ಸೊಲೆನಾಯ್ಡಿನ ಸಣ್ಣ ಟರ್ಮಿನಲ್‌ಗೆ 12 ವೋಲ್ಟ್ ಬರುತ್ತಿದೆಯೇ ಎಂದು ನೋಡಬೇಕು. ಬರದಿದ್ದರೆ ದೋಷ ಹಿಂದೆ ಎಲ್ಲೋ ಇದೆ: ಫ್ಯೂಸ್, ಕೀ ಸ್ವಿಚ್, ಬ್ರೇಕ್ ಪೆಡಲ್ ಕೆಳಗಿನ ಸುರಕ್ಷತಾ ಸ್ವಿಚ್ ಅಥವಾ ಬ್ಲೇಡ್ ಸ್ವಿಚ್. ಮೂರು ಟರ್ಮಿನಲ್‌ನ ಸೊಲೆನಾಯ್ಡ್ ಆಗಿದ್ದರೆ ಅದರ ಕಾಯಿಲ್‌ನ (ಕಾಂಟ್ಯಾಕ್ಟನ್ನು ಎಳೆದು ಕೂಡಿಸುವ ಒಳಗಿನ ತಂತಿಸುರುಳಿಯ) ಅರ್ಥಿಂಗ್ ಸೊಲೆನಾಯ್ಡನ್ನು ಕೂರಿಸಿರುವ ತಗಡಿನ ಮೂಲಕವೇ ಆಗುವುದರಿಂದ, ಆ ತಗಡಿಗೆ ಹಿಡಿದ ತುಕ್ಕೊಂದೇ ಸಾಕು, ಹೊಸ ಭಾಗ ಹಾಕಿದರೂ ಕೆಲಸ ಮಾಡದಿರಲು.

ಸ್ಕ್ರೂಡ್ರೈವರ್‌ನಿಂದ ಎರಡು ಬೋಲ್ಟುಗಳನ್ನು ಮುಟ್ಟಿಸಿ ಸ್ಟಾರ್ಟ್ ಮಾಡುವ ಅಭ್ಯಾಸ ಹಲವರಿಗಿದೆ. ಅದು ಸ್ಟಾರ್ಟರನ್ನು ತಡೆಯುವ ಸುರಕ್ಷತಾ ಸ್ವಿಚ್‌ಗಳನ್ನು ಮೀರಿ ಹೋಗುತ್ತದೆ; ಯಂತ್ರ ಗೇರಿನಲ್ಲಿದ್ದರೆ ಪಕ್ಕದಲ್ಲಿ ನಿಂತವರ ಮೇಲೇ ಹರಿಯಬಹುದು. ಮೀಟರ್ ಕೈಯಲ್ಲಿರುವಾಗ ಆ ಅಪಾಯಕ್ಕೆ ಕೈಹಾಕುವ ಅಗತ್ಯವೇ ಇಲ್ಲ.

ಮೀಟರಿನ ಅಂಕಿ ದಾರಿ ತಪ್ಪಿಸುವ ಸಂದರ್ಭವೂ ಒಂದಿದೆ, ಹೊಸಬರು ಇದನ್ನು ಅಗತ್ಯವಾಗಿ ತಿಳಿದಿರಬೇಕು. ಡಿಜಿಟಲ್ ಮೀಟರ್ ತೀರ ಅಲ್ಪ ಕರೆಂಟ್ ಎಳೆಯುವುದರಿಂದ, ಒಂದೆರಡು ಎಳೆಯಷ್ಟೇ ಉಳಿದ ತಂತಿಯ ತುದಿಯಲ್ಲೂ, ಕಿಲುಬು ಹಿಡಿದ ಕನೆಕ್ಟರಿನಲ್ಲೂ ಅದು 12 ವೋಲ್ಟ್ ಎಂದೇ ತೋರಿಸುತ್ತದೆ. ಅದೇ ತಂತಿ ಸ್ಟಾರ್ಟರಿಗೆ ಬೇಕಾದ ಕರೆಂಟನ್ನು ಸಾಗಿಸಲಾರದು. ಆದ್ದರಿಂದ ಎಂಜಿನ್ ತಿರುಗಿಸಲು ಯತ್ನಿಸುತ್ತಿರುವಾಗಲೇ, ಬ್ಯಾಟರಿಯ ನೆಗೆಟಿವ್ ಕಂಬದಿಂದ ಎಂಜಿನ್ನಿನ ಮೈಗೆ ಎಷ್ಟು ವೋಲ್ಟೇಜ್ ಕಾಣುತ್ತದೆ ಎಂದು ಅಳೆಯಬೇಕು. ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ಅರ್ಥಿಂಗ್ ಕೇಬಲ್ ಬಿಚ್ಚಿ, ಬಣ್ಣ ಮತ್ತು ತುಕ್ಕನ್ನು ಕೆರೆದು, ಬಿಗಿಯಾಗಿ ಕೂರಿಸಬೇಕು. ಹಳೆಯ ಮೋವರ್‌ಗಳ ಮಟ್ಟಿಗೆ ಇದು ಮೊದಲ ಪರೀಕ್ಷೆಗಳಲ್ಲೊಂದಾಗಬೇಕು ಎನ್ನುತ್ತೇನೆ. ಖರ್ಚಿಲ್ಲದೆ ಸರಿಹೋಗುವ ದೋಷಗಳಲ್ಲಿ ಅದೂ ಒಂದು. ಸಣ್ಣ ತಂತಿಗಳಿಗೆ ಮಾತ್ರ ಮೀಟರಿಗಿಂತ ಬಲ್ಬಿರುವ ಟೆಸ್ಟ್ ಲೈಟ್ ಮೇಲು. ಬಲ್ಬ್ ಒಂದಿಷ್ಟು ಕರೆಂಟ್ ಎಳೆಯುವುದರಿಂದ, ಕೆಟ್ಟ ಜೋಡಣೆಯಿದ್ದರೆ ಮಂಕಾಗಿ ಉರಿದು ತಿಳಿಸುತ್ತದೆ.

ಮೀಟರಿಗೆ ನೇರವಾಗಿ ಹೇಳಲಾಗದ್ದೂ ಇದೆ. ಸಿಂಗಲ್ ಸಿಲಿಂಡರ್ ಎಂಜಿನ್ ಅರ್ಧ ಸುತ್ತು ತಿರುಗಿ ಗಕ್ಕನೆ ನಿಂತರೆ ಅದು ಬ್ಯಾಟರಿಯ ದೌರ್ಬಲ್ಯದಂತೆಯೇ ಕಾಣುತ್ತದೆ. ಆದರೆ ವಾಲ್ವ್ ಕ್ಲಿಯರೆನ್ಸ್ (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಣ್ಣ ಅಂತರ) ಹೆಚ್ಚಾಗಿ ಕಂಪ್ರೆಷನ್ ರಿಲೀಸ್ (ಸ್ಟಾರ್ಟ್ ಮಾಡುವಾಗ ಎಂಜಿನ್ ಸುಲಭವಾಗಿ ತಿರುಗಲೆಂದು ಸಿಲಿಂಡರಿನ ಒತ್ತಡ ಇಳಿಸುವ ವ್ಯವಸ್ಥೆ) ಕೆಲಸ ಮಾಡದಿದ್ದಾಗಲೂ ಹೀಗೆಯೇ ಆಗುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಅದರ ವೈರನ್ನು ಎಂಜಿನ್ ಮೈಗೆ ತಾಗಿಸಿ ಭದ್ರಪಡಿಸಿ ತಿರುಗಿಸಿದಾಗ ಎಂಜಿನ್ ಸರಾಗವಾಗಿ ಸುತ್ತಿದರೆ, ಮತ್ತು ಮೊದಲಿನ ಅಳತೆಗಳೆಲ್ಲ ಸರಿಯಿದ್ದರೆ, ನೋಡಬೇಕಾದದ್ದು ವಾಲ್ವ್ ಕವರ್ ಕೆಳಗೆ.

ಕೊಳ್ಳುವವರಿಗೆ ಒಂದೆರಡು ಮಾತು. ಈ ಮೀಟರುಗಳ 10 ಆಂಪಿಯರ್ ರಂಧ್ರಕ್ಕೆ ವೈರ್ ಸಿಕ್ಕಿಸಿ ಸ್ಟಾರ್ಟರಿನ ಕರೆಂಟ್ ಅಳೆಯಲು ಎಂದೂ ಹೋಗಬಾರದು. ಸ್ಟಾರ್ಟರ್ ಎಳೆಯುವುದು ಅದರ ಎಷ್ಟೋ ಪಟ್ಟು. ಅದಕ್ಕೆ ಕ್ಲಾಂಪ್ ಮೀಟರ್ ಬೇಕು, ಅದೂ ಡಿಸಿ ಕರೆಂಟ್ ಅಳೆಯುವಂಥದ್ದು. ಅಗ್ಗದ ಕ್ಲಾಂಪ್ ಮೀಟರುಗಳಲ್ಲಿ ಬಹುಪಾಲು ಎಸಿ ಮಾತ್ರ ಅಳೆಯುವುದರಿಂದ ಪೆಟ್ಟಿಗೆಯ ಮೇಲಿನ ವಿವರ ಓದಿಯೇ ಹಣ ಕೊಡಬೇಕು. ಮೀಟರಿನೊಂದಿಗೆ ಬರುವ ವೈರುಗಳು ಗಿಡ್ಡ. ಬ್ಯಾಟರಿ ಸೀಟಿನ ಕೆಳಗಿದ್ದು ಎಂಜಿನ್ ಮುಂದಿರುವ ಮಾದರಿಗಳಲ್ಲಿ ಅವು ಎಟುಕುವುದಿಲ್ಲವಾದ್ದರಿಂದ, ಕ್ರೊಕೊಡೈಲ್ ಕ್ಲಿಪ್ ಇರುವ ಉದ್ದನೆಯ ವೈರುಗಳ ಒಂದು ಜೊತೆಯನ್ನು ಮೀಟರಿನ ಸಂಗಡವೇ ಕೊಳ್ಳುವುದು ಒಳ್ಳೆಯದು.